ಎರಡನೇ ಕೊಳೆ

ಇನ್ನೊಬ್ಬರು ಬರೆದದ್ದು ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂದು ತೂಗಿ ನೋಡುವ ಕೆಲಸವನ್ನು ಹೊರಗಿನವರು ದೊಡ್ಡ ಗೌರವ ಎಂದುಕೊಂಡಿದ್ದಾರೆ. ಹೊರಗಿನವರು ಎಂದರೆ ಮುಖ್ಯವಾಗಿ ನನ್ನ ತಂಗಿ. "ನಮ್ಮಕ್ಕನಿಗೆ ಪುಸ್ತಕಗಳು ಮನೆಗೇ ಬರ್ತವೆ" ಎಂದು ಅವಳು ತಾನು ಕೆಲಸ ಮಾಡುವ ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಬರುವುದು ಪುಸ್ತಕಗಳಲ್ಲ, ಹಸ್ತಪ್ರತಿಗಳು. ಅವುಗಳಲ್ಲಿ ಮುಕ್ಕಾಲುಪಾಲು ಓದಿದ ಮೇಲೆ ಕೈ ತೊಳೆದುಕೊಳ್ಳಬೇಕು ಅನ್ನಿಸುವಂಥವು. ಹಳೆಯ ಪ್ರಬಂಧಕ್ಕೆ ಹೊಸ ರಟ್ಟು ಹಾಕಿದವು, ಗುರುಗಳಿಗೆ ಬೆಣ್ಣೆ ಹಚ್ಚಲೆಂದೇ ಬರೆದವು, ಒಂದೇ ಮಾತನ್ನು ಮೊದಲ ಅಧ್ಯಾಯದಿಂದ ಕೊನೆಯ ಅಧ್ಯಾಯದವರೆಗೆ ಅರೆದು ಅರೆದು ನೀರು ಮಾಡಿದವು. ಇಂಥವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಓದಿ, ಬೈಗುಳವನ್ನು ಸಭ್ಯ ಭಾಷೆಗೆ ತಿರುಗಿಸಿ ವರದಿ ಬರೆಯುವುದು ನನ್ನ ಪಾಲಿಗೆ ಬಂದ ಗೌರವ.

ಕಳಿಸುವುದು ಒಂದು ಸಂಸ್ಥೆ. ವಿದ್ವತ್ತಿನ ಪುಸ್ತಕಗಳು ಮಾರಾಟವಾಗುವುದಿಲ್ಲ. ಆದ್ದರಿಂದ ಪ್ರಕಾಶಕರು ಅವನ್ನು ಮೂಸಿಯೂ ನೋಡುವುದಿಲ್ಲ. ಈ ಸಂಸ್ಥೆ ಅಚ್ಚಿನ ಖರ್ಚಿಗೆ ಸಹಾಯಧನ ಕೊಟ್ಟರೆ ಮಾತ್ರ ಅಂಥ ಪುಸ್ತಕ ಹೊರಗೆ ಬರುತ್ತದೆ. ಕೊಡುವ ಮೊದಲು ಪ್ರತಿ ಹಸ್ತಪ್ರತಿಯನ್ನೂ ಇಬ್ಬರು ಪರಿಶೀಲಕರಿಗೆ ಕಳಿಸುತ್ತಾರೆ. ಬರೆದವರು ಯಾರೆಂದು ನಮಗೆ ತಿಳಿಯಬಾರದು, ನಾವು ಯಾರೆಂದು ಬರೆದವರಿಗೆ ತಿಳಿಯಬಾರದು. ಅದಕ್ಕಾಗಿ ಲೇಖಕರು ತಮ್ಮ ಹೆಸರು, ಕೃತಜ್ಞತೆಯ ಪುಟ, ತಾವೇ ಹಿಂದೆ ಬರೆದ ಲೇಖನಗಳ ಉಲ್ಲೇಖ, ಎಲ್ಲವನ್ನೂ ಒರೆಸಿ ಕಳಿಸಬೇಕು ಎಂಬ ನಿಯಮವಿದೆ. ಪಾಲಿಸುವವರು ಯಾರೂ ಇಲ್ಲ. "ನಾನು ಬೇರೆಡೆ ಈಗಾಗಲೇ ತೋರಿಸಿಕೊಟ್ಟಿರುವಂತೆ" ಎಂದು ಒಂದು ಸಾಲು ಬಿಟ್ಟು, ಕೆಳಗೆ ಆ ಬೇರೆಡೆಯ ಪೂರ್ತಿ ವಿಳಾಸವನ್ನೂ ಕೊಟ್ಟಿರುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಮಗು ಪರದೆಯ ಹಿಂದೆ ಅಡಗಿ ಪಾದಗಳನ್ನು ಹೊರಗೆ ಬಿಟ್ಟಂತೆ. ನಾವೂ ಕಾಣದವರಂತೆ ನಟಿಸುತ್ತೇವೆ. ವಿದ್ವಾಂಸರಿಗೆ ನಟನೆ ಬರುವುದಿಲ್ಲ ಎಂದು ಯಾರು ಹೇಳಿದರೋ.

ಈ ಸಲ ಬಂದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕೋಣೆಗಳ ಬಗ್ಗೆ ಬರೆದ ಪುಸ್ತಕ. ನೆಲಮಾಳಿಗೆಯ ಆವಿ, ಕುದಿಯುವ ತೊಟ್ಟಿಗಳು, ರಾಶಿ ಬಿದ್ದ ಹಾಸಿಗೆಯ ಹೊದಿಕೆಗಳು, ಅವನ್ನು ಕೈಯಿಂದಲೇ ಬಿಡಿಸಿ ಬೇರ್ಪಡಿಸುವ ಹೆಂಗಸರು. ಸೋಂಕಿನ ವಾರ್ಡಿನಿಂದ ಬಂದ ಬಟ್ಟೆಗೆ ಅಂಟಿಸಿದ ಚೀಟಿ ನೀರಿಗೆ ಬಿದ್ದೊಡನೆ ಕಿತ್ತುಹೋಗುತ್ತದೆಂದು ಅವರು ತಾವೇ ಮೂಲೆಯಲ್ಲಿ ಬಣ್ಣದ ದಾರ ಹೊಲಿದುಕೊಳ್ಳುತ್ತಾರೆ. ಜೇಬುಗಳಲ್ಲಿ ಸೂಜಿ ಸಿಗುತ್ತದೆ, ಹಲ್ಲಿನ ಸೆಟ್ಟು ಸಿಗುತ್ತದೆ. ಒಬ್ಬಾಕೆ ಮನೆಗೆ ಹೋದ ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳುವ ಮೊದಲು ಮೊಣಕೈವರೆಗೆ ಉಜ್ಜಿ ತೊಳೆದುಕೊಂಡು, ಆಮೇಲೂ ಸೊಸೆಯ ಮುಖ ನೋಡಿ ಒಪ್ಪಿಗೆಗೆ ಕಾಯುತ್ತಾಳೆ. ಬಟ್ಟೆಯ ಕೊಳೆ ಹೋದ ಮೇಲೂ ಒಗೆದವರ ಮೇಲೆ ಉಳಿಯುವ ಈ ಕಳಂಕಕ್ಕೆ ಲೇಖಕಿ "ಎರಡನೇ ಕೊಳೆ" ಎಂದು ಹೆಸರಿಟ್ಟಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ದುಡಿಮೆಯ ಚರಿತ್ರೆ ಪಾಠ ಮಾಡಿದ್ದೇನೆ, ಇಂಥ ಒಂದು ಮಾತು ನನಗೆ ಹೊಳೆದಿಲ್ಲ.

ಬರೆದವರು ಯಾರೆಂದು ಊಹಿಸಲು ಕಷ್ಟವೇನಿರಲಿಲ್ಲ. ಈ ವಿಷಯದ ಮೇಲೆ ಕೆಲಸ ಮಾಡಿದವರು ಒಬ್ಬರೇ. ಅವರ ಎರಡು ಲೇಖನಗಳನ್ನು ಪತ್ರಿಕೆಗಳಲ್ಲಿ ಓದಿದ್ದೆ, "ಎರಡನೇ ಕೊಳೆ" ಎಂಬ ಮಾತು ಮೊದಲು ಬಂದದ್ದು ಅಲ್ಲಿಯೇ. ಆದರೆ ಹಸ್ತಪ್ರತಿಯಲ್ಲಿ ಆ ಎರಡು ಲೇಖನಗಳ ಸುಳಿವೇ ಇಲ್ಲ. ನಿಯಮ ಹೇಳಿದ್ದನ್ನು ಅಕ್ಷರಶಃ ನಂಬಿ, ತನ್ನನ್ನು ತಾನೇ ಪೂರ್ತಿ ಒರೆಸಿಕೊಂಡು ಕಳಿಸಿದ್ದರು ಪುಣ್ಯಾತ್ಗಿತ್ತಿ. ಸಂಸ್ಥೆಯ ಕಾರ್ಯದರ್ಶಿಗೆ ಫೋನು ಮಾಡಿ, "ಬರೆದವರು ಯಾರು ಅಂತ ಊಹೆ ಇದೆ, ವಾಪಸ್ ಕಳಿಸ್ಲಾ?" ಎಂದು ಕೇಳಿದೆ. ಆತ ನಕ್ಕರು. "ಊಹೆ ಇರೋರನ್ನೆಲ್ಲ ಬಿಟ್ರೆ ನಮಗೆ ಪರಿಶೀಲಕರೇ ಸಿಗಲ್ಲ ಮೇಡಂ. ಪರಿಚಯ ಇಲ್ಲ ತಾನೆ? ಬರೆದು ಕಳಿಸಿ."

ಪರಿಚಯ ಇರಲಿಲ್ಲ. ಆದರೆ ಅವರು ನನ್ನ ತಂಗಿಯ ಸಹೋದ್ಯೋಗಿ. ಸ್ಟಾಫ್ ರೂಮಿನಲ್ಲಿ ಇಬ್ಬರ ಮೇಜೂ ಅಕ್ಕಪಕ್ಕ. ತಂಗಿಯ ಬಾಯಲ್ಲಿ ಆಕೆಯ ಹೆಸರು ಸೋಪು ಮೇಡಂ.

"ಪಾಪ ಸೋಪು ಮೇಡಂ, ಊಟಾನೂ ಸರಿಯಾಗಿ ಮಾಡ್ತಿಲ್ಲ ಕಣೇ" ಎಂದಳು ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ನನ್ನ ಈರುಳ್ಳಿಗಳನ್ನು ದಪ್ಪದಪ್ಪವಾಗಿ ಹೆಚ್ಚುತ್ತ.

"ಸಣ್ಣಗೆ ಹೆಚ್ಚು. ಯಾಕಂತೆ?"

"ಪುಸ್ತಕ ಆ ಸಂಸ್ಥೆಗೆ ಕಳ್ಸಿದಾಳಲ್ಲ. ಮೊದಲ ಪುಸ್ತಕದ ಸಹಾಯಧನಕ್ಕೆ ವಯಸ್ಸಿನ ಮಿತಿ ಇದೆಯಂತೆ, ಅವಳಿಗೆ ಇದೇ ಕೊನೇ ವರ್ಷ. ಪುಸ್ತಕ ಬಂದ್ರೆ ಕಾಲೇಜಲ್ಲಿ ಖಾಯಂ ಮಾಡ್ತಾರೆ. ಇಲ್ಲಾಂದ್ರೆ ಈ ಸಲದ ರಜಕ್ಕೆ ಹೋದೋಳು ಹೋದ ಹಾಗೇ. ತಾಯಿ ಬೇರೆ ಹಾಸಿಗೆ ಹಿಡಿದಿದಾರೆ." ಚಾಕು ನಿಲ್ಲಿಸಿ ನನ್ನ ಕಡೆ ನೋಡಿದಳು. "ನಿನಗೇ ಬಂದಿದೆಯಾ?"

"ಏನು?"

"ಬಂದಿದೆ. ನಿನ್ನ ಮೂಗು ಹೇಳ್ತಿದೆ."

"ಈರುಳ್ಳಿ ಹೆಚ್ಚೇ ಮಾರಾಯ್ತಿ" ಎಂದೆ. ಅವಳು ಮತ್ತೆ ಕೇಳಲಿಲ್ಲ. ನಾನು ಪ್ರಕಟಣೆಗೆ ಅತ್ಯಂತ ಯೋಗ್ಯ ಎಂದು ವರದಿ ಬರೆದು ಕಳಿಸಿದೆ. ಸೋಪು ಮೇಡಂ ಮೇಲಿನ ಕನಿಕರಕ್ಕಲ್ಲ. ಪುಸ್ತಕ ಹಾಗಿತ್ತು.

ಕೆಲವು ವಾರಗಳ ನಂತರ ಕಾರ್ಯದರ್ಶಿ ಫೋನು ಮಾಡಿದರು. ಎರಡು ವರದಿಗಳು ಒಂದಕ್ಕೊಂದು ತದ್ವಿರುದ್ಧವಾಗಿವೆ, ಇಬ್ಬರೂ ಅಧ್ಯಕ್ಷರ ಎದುರು ಕೂತು ಒಮ್ಮತಕ್ಕೆ ಬರಬೇಕು ಎಂದರು. ಇದೂ ಸಂಸ್ಥೆಯ ಒಂದು ಪದ್ಧತಿ. ಒಮ್ಮತ ಎಂದರೆ ಅಧ್ಯಕ್ಷರಿಗೆ ಮೊದಲೇ ಇದ್ದ ಮತ.

ಸಭೆಯ ಕೋಣೆಯಲ್ಲಿ ಹಿಂದಿನ ಅಧ್ಯಕ್ಷರುಗಳ ಫೋಟೋಗಳು ಸಾಲಾಗಿದ್ದವು. ಕಿಟಕಿ ತೆರೆಯುವಂತಿರಲಿಲ್ಲ, ಹಳೆಯ ಕಾಗದದ ಮುಗ್ಗಲು ವಾಸನೆಯ ಮೇಲೆ ಯಾರೋ ಗುಲಾಬಿಯ ಸ್ಪ್ರೇ ಹೊಡೆದಿದ್ದರು. ಅಧ್ಯಕ್ಷರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಅದು ಮುರಿದು ಒಳಗೆ ಬಿತ್ತು. ಎರಡು ಬೆರಳು ಹಾಕಿ ಎತ್ತಿ ತಿಂದರು, ಅದೇ ಬೆರಳನ್ನು ನಾಲಿಗೆಗೆ ಸವರಿಕೊಂಡು ಹಸ್ತಪ್ರತಿಯ ಪುಟ ತಿರುಗಿಸಿದರು. ಆ ಪುಟದಲ್ಲಿ ಯಾವ ಹೆಂಗಸಿನ ಮಾತಿತ್ತೋ, ಅವಳು ಅದಕ್ಕಿಂತ ಶುಚಿಯಾದ ಕೈಯಿಂದ ರೋಗಿಗಳ ಹೊದಿಕೆ ಮುಟ್ಟುತ್ತಿದ್ದಳು.

ಎರಡನೇ ಪರಿಶೀಲಕರು ಬಂದಾಗ ಎಲ್ಲ ಅರ್ಥವಾಯಿತು. ಅವರನ್ನು ನಾವೆಲ್ಲ ಬೆನ್ನ ಹಿಂದೆ ಅಡಿಟಿಪ್ಪಣಿ ಎಂದು ಕರೆಯುತ್ತೇವೆ. ಯಾವ ಹಸ್ತಪ್ರತಿ ಕೈಗೆ ಬಂದರೂ ಅವರು ಓದುವುದನ್ನು ಹಿಂದಿನಿಂದ ಶುರುಮಾಡುತ್ತಾರೆ. ಕೊನೆಯ ಆಕರಗಳ ಪಟ್ಟಿಯಲ್ಲಿ ತಮ್ಮ ಹೆಸರು ಇದ್ದರೆ ಪುಸ್ತಕ ಗಂಭೀರ, ಇಲ್ಲದಿದ್ದರೆ ಅಧ್ಯಯನದ ಕೊರತೆ ಎದ್ದು ಕಾಣುತ್ತದೆ. ಇಷ್ಟು ಮಾತ್ರವಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು.

"ಇದು ಶುದ್ಧ ಕೃತಿಚೌರ್ಯ" ಎಂದರು ಕನ್ನಡಕ ತೆಗೆದು ಒರೆಸುತ್ತ. "ಎರಡನೇ ಕೊಳೆ ಅನ್ನೋ ಪರಿಕಲ್ಪನೆ ಇವರದಲ್ಲ. ಬೇರೆ ಒಬ್ಬ ಲೇಖಕಿಯದು. ನಾನು ಆಕೆಯ ಎರಡೂ ಲೇಖನ ಓದಿದೀನಿ, ತುಂಬಾ ಎಚ್ಚರಿಕೆಯಿಂದ ಬರೆಯೋ ಹೆಣ್ಣುಮಗಳು. ಅವಳ ದುಡಿಮೆಯನ್ನ ಯಾರೋ ಅನಾಮತ್ತಾಗಿ ಎತ್ತಿದಾರೆ. ಒಂದು ಕಡೆಯಾದ್ರೂ ಅವಳ ಹೆಸರಿಲ್ಲ! ಓದ್ತಾ ಓದ್ತಾ ನನಗೆ ಅಸಹ್ಯ ಆಯ್ತು."

ನಾನು ಅವರ ಮುಖವನ್ನೇ ನೋಡಿದೆ. ನಾಟಕವಲ್ಲ. ಮನುಷ್ಯ ನಿಜವಾಗಿಯೂ ಕೋಪಗೊಂಡಿದ್ದರು. ಒಬ್ಬಳ ಪರವಾಗಿ, ಅವಳ ಕುತ್ತಿಗೆಯನ್ನೇ ಕೊಯ್ಯಲು ಹೊರಟಿದ್ದರು.

"ಸ್ವಂತ ಬರಹಗಳ ಉಲ್ಲೇಖ ತೆಗೀಬೇಕು ಅಂತ ನಮ್ಮ ನಿಯಮಾನೇ ಇದೆ ಅಲ್ವಾ?" ಎಂದೆ ಮೆಲ್ಲಗೆ. "ತೆಗೆದಿದ್ರೆ?"

ಅಡಿಟಿಪ್ಪಣಿಯವರ ಕನ್ನಡಕ ಕೈಯಲ್ಲೇ ನಿಂತಿತು. ಆ ಕ್ಷಣ ಅವರಿಗೆ ಹೊಳೆಯಿತು. ಕಿವಿಗಳು ಕೆಂಪಾದವು. ಇನ್ನೊಂದೇ ಮಾತು, "ಅಯ್ಯೋ, ನಾನು ಯೋಚಿಸಲೇ ಇಲ್ಲ" ಎಂದು ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವರು ಮೊದಲು ಅಧ್ಯಕ್ಷರ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು.

"ಅದು ಊಹೆ" ಎಂದರು.

"ಹೌದು, ಊಹೆ" ಎಂದರು ಅಧ್ಯಕ್ಷರು.

"ಕಾರ್ಯದರ್ಶಿಗಳ ಹತ್ರ ಹೆಸರಿದೆ. ಹೆಸರು ಹೇಳೋದು ಬೇಡ, ಬರೆದವರೂ ಆ ಲೇಖಕಿಯೂ ಒಬ್ರೇನಾ ಅಂತ ಹೌದು ಇಲ್ಲ ಅಂದ್ರೆ ಸಾಕು."

ಕಾರ್ಯದರ್ಶಿ ಬಿಸ್ಕತ್ತಿನ ತಟ್ಟೆಯನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು. "ನಾನು ಹೇಳೋ ಹಾಗಿಲ್ಲ ಮೇಡಂ. ಗೋಪ್ಯತೆ" ಎಂದರು. ಆತನಿಗೆ ಗೊತ್ತಿತ್ತು. ನನಗೆ ಗೊತ್ತಿತ್ತು. ಅಡಿಟಿಪ್ಪಣಿಗೂ ಈಗ ಗೊತ್ತಾಗಿತ್ತು. ಅಧ್ಯಕ್ಷರಿಗೆ ಗೊತ್ತಿಲ್ಲ ಎಂದು ನಂಬುವಷ್ಟು ಮುಗ್ಧೆ ನಾನಲ್ಲ. ಗೊತ್ತಿರುವುದನ್ನು ಗೊತ್ತಿಲ್ಲವೆಂದು ನಟಿಸುತ್ತ ನಾಲ್ಕು ಜನ ವಿದ್ಯಾವಂತರು ಒಂದು ಮೇಜಿನ ಸುತ್ತ ಕೂತಿದ್ದೆವು. ಸಂಬಳ ತೆಗೆದುಕೊಂಡು ಬಟ್ಟೆ ಒಗೆಯುವವರ ಎದುರು ನಾವು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು?

"ಅಷ್ಟಕ್ಕೂ ಆಸ್ಪತ್ರೆ ಹೊಲಸು ಬಟ್ಟೆ ಬಗ್ಗೆ ಯಾರು ಓದ್ತಾರೆ ಹೇಳಿ" ಎಂದು ಅಧ್ಯಕ್ಷರು ಮೂಗು ಮುರಿದರು. "ನಾಳೆ ಚರಂಡಿ ಬಗ್ಗೆ ಬರೀತಾರೆ. ಇದು ಬಿದ್ರೆ ಮುಂದಿನ ಸ್ಥಾನದಲ್ಲಿ ಒಳ್ಳೇ ಪುಸ್ತಕ ಇದೆ."

ಆ ಒಳ್ಳೆಯ ಪುಸ್ತಕದ ಬಗ್ಗೆ ನಾನು ಕೇಳಿದ್ದೆ. ಅಧ್ಯಕ್ಷರ ಭಾಷಣಗಳಲ್ಲಿ ಸಮಾಜ ಚಿಂತನೆ ಎಂಬ ವಿಷಯದ ಮೇಲೆ ಅಧ್ಯಕ್ಷರ ಶಿಷ್ಯನೇ ಬರೆದ ಪುಸ್ತಕ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಪಾಪ.

ನನ್ನ ಮೈಯೆಲ್ಲ ಉರಿಯಿತು. ಅದು ಮುಖದಲ್ಲಿ ಕಂಡಿರಬೇಕು, ಯಾಕೆಂದರೆ ಅಧ್ಯಕ್ಷರ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು.

"ನೀವು ಬೇಜಾರು ಮಾಡ್ಕೊಂಡ್ರಿ. ನೋಡಿ, ಅನ್ಯಾಯ ಮಾಡೋ ಉದ್ದೇಶ ನಮಗ್ಯಾರಿಗೂ ಇಲ್ಲ. ನಿಮ್ಮ ಮನಸ್ಸಲ್ಲಿ ಯಾರೋ ಇದಾರೆ ಅಂತ ಕಾಣುತ್ತೆ. ಹೇಳಿಬಿಡಿ. ನಾವ್ ನಾವೇ ಇದೀವಿ. ಯಾರದು?"

ಪರಿಶೀಲಕರು ಹೆಸರು ಬಾಯಿಬಿಡಬಾರದು ಎಂಬುದು ನನಗೆ ಗೊತ್ತಿತ್ತು. ಬಿಟ್ಟರೆ ನನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆ, ಅಷ್ಟೇ ತಾನೆ ಎಂದುಕೊಂಡೆ. ತೆಗೆದರೆ ತೆಗೆಯಲಿ, ಪೀಡೆ ತೊಲಗಿತು. ಹೆಸರು ಗೊತ್ತಾದ ಮೇಲೆ ಕಳ್ಳತನದ ಮಾತು ನಿಲ್ಲಲು ಸಾಧ್ಯವೇ ಇಲ್ಲ. ಅವಳಿಗಾಗಿ ಇಷ್ಟೂ ಮಾಡದಿದ್ದರೆ ನಾನು ಓದಿದ್ದು ಏನು ಬಂತು? ನಾನು ಆಕೆಯ ಹೆಸರನ್ನು ಸ್ಪಷ್ಟವಾಗಿ, ಕಾಲೇಜಿನ ಸಮೇತ ಹೇಳಿದೆ. "ತನ್ನದೇ ಮಾತನ್ನ ತಾನೇ ಕದ್ದಳು ಅಂತ ಬರ್ಕೊಳ್ಳಿ" ಎಂದೂ ಸೇರಿಸಿದೆ. ಹೇಳುವಾಗ ಸುಖವಾಯಿತು.

ಅಧ್ಯಕ್ಷರು ಹಸ್ತಪ್ರತಿಯನ್ನು ಮುಚ್ಚಿದರು. ಅವರ ಮುಖದಲ್ಲಿ ನಿಜವಾದ ದುಃಖದ ಛಾಯೆ ಇತ್ತು. ಅಂಥದ್ದನ್ನು ತಂದುಕೊಳ್ಳುವುದಕ್ಕೂ ಅಭ್ಯಾಸ ಬೇಕು.

"ಛೆ. ಏನು ಮಾಡಿಬಿಟ್ರಿ ಮೇಡಂ" ಎಂದರು. "ಕಾರ್ಯದರ್ಶಿಗಳೇ, ನಿಯಮ ಏನು ಹೇಳುತ್ತೆ?"

ಕಾರ್ಯದರ್ಶಿ ತಟ್ಟೆಯಿಂದ ಕಣ್ಣೆತ್ತದೆ ಒಪ್ಪಿಸಿದರು. "ಸಭೆಯಲ್ಲಿ ಲೇಖಕರ ಗುರುತು ಬಹಿರಂಗವಾದರೆ ಆ ಹಸ್ತಪ್ರತಿಯನ್ನ ಬದಿಗಿಡಬೇಕು. ತಿರಸ್ಕಾರ ಅಂತ ಅಲ್ಲ. ಪರಿಶೀಲನೆಯೇ ಆಗಿಲ್ಲ ಅಂತ ಲೆಕ್ಕ. ಬೇಕಾದ್ರೆ ಮುಂದಿನ ವರ್ಷ ಹೊಸದಾಗಿ ಕಳಿಸಬಹುದು."

"ಮುಂದಿನ ವರ್ಷ ಅವಳ ವಯಸ್ಸು ಮೀರುತ್ತೆ!"

"ಅದು ನಿಮಗೆ ಹೇಗೆ ಗೊತ್ತು?" ಎಂದು ಅಧ್ಯಕ್ಷರು ಅತ್ಯಂತ ಮೃದುವಾಗಿ ಕೇಳಿದರು.

ತಂಗಿಯ ಸಹೋದ್ಯೋಗಿ ಎಂದು ಹೇಳಿದ್ದರೆ ಪುಸ್ತಕದ ಜೊತೆಗೆ ನನ್ನ ವರದಿಯೂ ಹೊಲಸಾಗುತ್ತಿತ್ತು. ಬದಲಿಗೆ, ತಪ್ಪು ನನ್ನದು, ಶಿಕ್ಷೆ ನನಗೆ ಕೊಡಿ, ಪಟ್ಟಿಯಿಂದ ನನ್ನ ಹೆಸರು ಕಿತ್ತುಹಾಕಿ ಎಂದೆ. ಅಧ್ಯಕ್ಷರು ಗಾಬರಿಯಾದವರಂತೆ ಎರಡೂ ಕೈ ಎತ್ತಿದರು. "ಎಲ್ಲಾದ್ರೂ ಉಂಟೆ! ನಿಮ್ಮಷ್ಟು ಶ್ರದ್ಧೆಯಿಂದ ಓದೋರು ನಮಗೆ ಎಲ್ಲಿ ಸಿಗ್ತಾರೆ? ಏನೋ ಭಾವುಕರಾಗಿ ಮಾತಾಡಿದ್ರಿ, ನಾವು ಮರೆತಾಯ್ತು. ಚಹಾ ತಗೊಳ್ಳಿ, ಆರಿಹೋಗುತ್ತೆ."

ಮೆಟ್ಟಿಲಿಳಿಯುವಾಗ ಅಡಿಟಿಪ್ಪಣಿಯವರು ಹಿಂದೆಯೇ ಬಂದರು. ಏನಾದರೂ ಪಶ್ಚಾತ್ತಾಪದ ಮಾತಾಡುತ್ತಾರೇನೋ ಎಂದು ನಿಂತೆ.

"ನೀವು ಅವಸರ ಮಾಡಿದ್ರಿ" ಎಂದರು. "ನಿಧಾನಕ್ಕೆ ಏನಾದ್ರೂ ದಾರಿ ಹುಡುಕಬಹುದಿತ್ತು. ಅದಿರಲಿ, ನನ್ನ ಹೊಸ ಪುಸ್ತಕ ನೋಡಿದ್ರಾ? ನಿಮ್ಮ ವಿಷಯಕ್ಕೆ ತುಂಬಾ ಹತ್ತಿರ ಇದೆ. ಮುಂದೆ ಏನಾದ್ರೂ ಬರೆಯುವಾಗ ನೆನಪಿರಲಿ."

ನಾನು ಮೆಟ್ಟಿಲ ಕಂಬಿ ಹಿಡಿದು ಕೆಳಗಿಳಿದೆ. ಅದೂ ಜಿಗುಟಾಗಿತ್ತು.

ಆ ವಾರವೆಲ್ಲ ನಾನು ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ತಂಗಿ ಫೋನಿನಲ್ಲಿ ಕೇಳಿದರೆ ತಲೆನೋವು ಎಂದೆ. ಕಣ್ಣು ಮುಚ್ಚಿದರೆ ಚಹಾದಿಂದ ಮೇಲೆ ಬರುವ ಎರಡು ಬೆರಳು, ನಾಲಿಗೆ, ಪುಟ. ಅವರನ್ನೆಲ್ಲ ಮನಸ್ಸಿನಲ್ಲಿ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಜಾಲಾಡಿದೆ. ಹಾಗೆ ಜಾಲಾಡುವಾಗ ನಾನು ಮಾತ್ರ ಬೇರೆ ಕಡೆ, ಒಳ್ಳೆಯವರ ಕಡೆ ನಿಂತಿರುತ್ತಿದ್ದೆ.

ಭಾನುವಾರ ಬೆಳಿಗ್ಗೆ ತಂಗಿ ಫೋನೂ ಮಾಡದೆ ಬಂದಳು. ಹಿಂದೆ ಇನ್ನೊಬ್ಬರು ಇದ್ದರು. ತೆಳ್ಳಗಿನ ಹೆಂಗಸು, ಹೆಗಲಿಗೆ ದೊಡ್ಡ ಬಟ್ಟೆಯ ಚೀಲ. ಚಪ್ಪಲಿಗಳನ್ನು ಜೋಡಿಸಿಟ್ಟು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತರು.

"ಅಕ್ಕ, ಇವಳೇ ನಮ್ಮ ಸೋ..." ಎಂದು ತಂಗಿ ನಾಲಿಗೆ ಕಚ್ಚಿಕೊಂಡಳು.

"ಸೋಪು ಮೇಡಂ ಅಂತಾನೇ ಹೇಳಿ, ಪರವಾಗಿಲ್ಲ" ಎಂದು ಅವರು ನಕ್ಕರು. "ಕಾಲೇಜಲ್ಲಿ ನಂಗೆ ಆ ಹೆಸರು ಇದೆ ಅಂತ ಗೊತ್ತು. ಮೇಡಂ, ನಿಮ್ಮ ಹತ್ರ ಒಂದು ಸಲಹೆ ಕೇಳೋಣ ಅಂತ ಬಂದೆ. ಇಂಥ ಸಂಸ್ಥೆಗಳ ರೀತಿ ನೀತಿ ನಿಮಗೆ ಗೊತ್ತು ಅಂತ ನಿಮ್ಮ ತಂಗಿ ಹೇಳಿದ್ರು. ನನ್ನ ಪುಸ್ತಕ ವಾಪಸ್ ಬಂತು. ಯಾರೋ ಪರಿಶೀಲಕರು ಸಭೆಯಲ್ಲಿ ನನ್ನ ಹೆಸರು ಬಹಿರಂಗ ಮಾಡಿದ್ರಂತೆ, ಹಾಗಾಗಿ ಪರಿಗಣಿಸೋ ಹಾಗಿಲ್ಲವಂತೆ. ನಾನು ಯಾರಿಗೆ ಏನು ಮಾಡಿದೀನಿ ಅಂತ ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ. ಯಾರೋ ಬೇಕಂತಲೇ ಮಾಡಿರಬೇಕಲ್ವಾ?"

ತಂಗಿ ನನ್ನನ್ನು ನೋಡುತ್ತಿದ್ದಳು. ಅವಳಿಗೆ ನನ್ನ ಮೂಗು ಓದಲು ಬರುತ್ತದೆ. ಅಡಿಟಿಪ್ಪಣಿಯ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಅವರು ನಂಬುತ್ತಿದ್ದರು. ಅಧ್ಯಕ್ಷರ ಹೆಸರು ಹೇಳಿದ್ದರೂ ನಂಬುತ್ತಿದ್ದರು.

"ನಾನೇ ಹೇಳಿದ್ದು" ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಗೋಪ್ಯತೆ ಹಾಳಾಗಿ ಹೋಗಲಿ ಎಂದು ಒಂದನ್ನೂ ಬಿಡದೆ, ಬಿಸ್ಕತ್ತನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಆ ಕೋಣೆಯ ಹೊಲಸನ್ನೆಲ್ಲ ತೆಗೆದು ಅವರ ಮುಂದೆ ಸುರಿದೆ. ಅವರೂ ನನ್ನ ಜೊತೆ ಸಿಟ್ಟಾಗುತ್ತಾರೆ ಎಂದು ಕಾದಿದ್ದೆ. ಅವರು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳುತ್ತಿದ್ದರು.

"ನನ್ನಿಂದಾನೇ ನಾನು ಕದ್ದಿದೀನಿ ಅಂತ ಬರೆದಿದ್ರಾ?" ಎಂದರು ಕೊನೆಗೆ. ಒಂದು ಸಣ್ಣ ನಗು ಬಂದು ಹೋಯಿತು.

"ಹೌದು. ಅದನ್ನ ಕೇಳ್ಕೊಂಡು ನಾನು ಹೇಗೆ ಸುಮ್ಮನಿರಲಿ?"

"ಸುಮ್ಮನಿದ್ದಿದ್ರೆ ತಿರಸ್ಕಾರ ಆಗ್ತಿತ್ತು ಅಲ್ವಾ?"

"ಆಗ್ತಿತ್ತು."

"ತಿರಸ್ಕಾರ ಆದ್ರೆ ಮೇಲ್ಮನವಿ ಹಾಕಬಹುದು. ನಿಯಮದ ಪುಸ್ತಕದಲ್ಲಿದೆ. ಆ ಹಂತದಲ್ಲಿ ಹೆಸರು ಮುಚ್ಚಿಡೋ ಹಾಗಿಲ್ಲ, ನಾನೇ ಎದುರಿಗೆ ಹೋಗಬಹುದು. ನೋಡೋರು ಬೇರೆ ಸಮಿತಿ, ಈ ಅಧ್ಯಕ್ಷರು ಅಲ್ಲ." ಅವರ ದನಿಯಲ್ಲಿ ಆರೋಪವಿರಲಿಲ್ಲ. ಪಾಠ ಹೇಳುವವರಂತೆ ಒಂದೊಂದಾಗಿ ಬಿಡಿಸಿ ಇಡುತ್ತಿದ್ದರು. "ಎರಡು ಲೇಖನ ತಗೊಂಡು ಹೋಗಿ ಮೇಜಿನ ಮೇಲಿಟ್ಟು, ಇದನ್ನ ಬರೆದೋಳೂ ನಾನೇ, ಅದನ್ನ ಬರೆದೋಳೂ ನಾನೇ ಅಂತಿದ್ದೆ. ಆ ವರದಿನೇ ನನಗೆ ಸಾಕ್ಷಿ ಆಗ್ತಿತ್ತು. ಬದಿಗಿಟ್ಟಿದ್ದಕ್ಕೆ ಮೇಲ್ಮನವಿ ಇಲ್ಲ."

ಮೇಲ್ಮನವಿಯ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ವರ್ಷಗಳಿಂದ ಆ ಪುಸ್ತಕ ನನ್ನ ಕಪಾಟಿನಲ್ಲಿದೆ. ಅಂದು ಆ ಕೋಣೆಯಲ್ಲಿ ಕೂತವರಲ್ಲಿ ಅಧ್ಯಕ್ಷರಿಗೆ ಮಾತ್ರ ಅದು ನೆನಪಿತ್ತು. ನನಗೆ ನನ್ನ ಸಿಟ್ಟು ಮಾತ್ರ ನೆನಪಿತ್ತು, ಅದನ್ನು ಅವರು ಹದವಾಗಿ ಕಾಯಿಸಿ ಬೇಕಾದ ಅಚ್ಚಿಗೆ ಹೊಯ್ದುಕೊಂಡರು. ಇಷ್ಟು ದಿನ ಅವರನ್ನೆಲ್ಲ ನೆನೆದು ಏಳುತ್ತಿದ್ದ ಹೇಸಿಗೆ ಈಗ ನನ್ನ ಕಡೆಗೇ ತಿರುಗಿತು.

"ಗೊತ್ತಿರೋ ಪ್ರಕಾಶಕರಿದಾರೆ" ಎಂದೆ. "ನಾನೇ ಹೋಗಿ ಮಾತಾಡ್ತೀನಿ. ನಿಮ್ಮ ಪ್ರಿನ್ಸಿಪಾಲರ ಹತ್ರಾನೂ ಬರ್ತೀನಿ. ಏನು ನಡೀತು ಅಂತ ಎಲ್ಲರ ಮುಂದೆ ಹೇಳ್ತೀನಿ."

ಅವರು ಎದ್ದು ಚೀಲವನ್ನು ಹೆಗಲಿಗೇರಿಸಿಕೊಂಡರು.

"ಬೇಡಿ ಮೇಡಂ" ಎಂದರು. "ನೀವು ನನ್ನ ಪರವಾಗಿ ಮಾತಾಡಿದ್ದು ಸಾಕು."

ತಂಗಿ ಅವರನ್ನು ಬಸ್ಸಿನವರೆಗೆ ಬಿಟ್ಟು ಬರುತ್ತೇನೆಂದು ಹೊರಟಳು. ನಾನು ಕಾಫಿಗೆ ಇಟ್ಟು ಕಾದೆ. ಬಹಳ ಹೊತ್ತಿನ ಮೇಲೆ ಫೋನು ಮಾಡಿದಾಗ ಅವಳು ತನ್ನ ಮನೆ ತಲುಪಿ ಆಗಲೇ ಬಟ್ಟೆ ಒಣಹಾಕುತ್ತಿದ್ದಳು.